ಕಪ್ಪು ಬಿಯರುಗಳಲ್ಲಿ ನಿಮಗೆ ಯಾವುದು? ಸ್ಟೌಟ್, ಪೋರ್ಟರ್, ಶ್ವಾರ್ಟ್ಸ್‌ಬಿಯರ್ ಮತ್ತು ಒಂದು ಮೇಜಿನ ತಕರಾರು

"ಡಾರ್ಕ್ ಏನಿದೆ?" ಎಂದು ಕೇಳಿ ಬಿಯರ್ ತರಿಸುವುದು, "ಕೆಂಪಗಿರೋದು ಏನಿದೆ?" ಎಂದು ಕೇಳಿ ಸಾರು ಬಡಿಸಿಕೊಂಡಷ್ಟೇ ಸರಿ. ಟೊಮೆಟೊ ಸಾರೂ ಬರಬಹುದು, ನಾಟಿಕೋಳಿ ಸಾರೂ ಬರಬಹುದು. ಕಪ್ಪಗೆ ಕಾಣುವ ಬಿಯರುಗಳಲ್ಲಿ ಶೇ. 4.2 ಆಲ್ಕೋಹಾಲ್ ಇರುವುದೂ ಉಂಟು, ಶೇ. 12 ಮುಟ್ಟುವುದೂ ಉಂಟು. ಒಂದು ಬಾಯನ್ನು ಒಣಗಿಸಿ ಕಹಿ ಬಿಟ್ಟು ಹೋಗುತ್ತದೆ, ಇನ್ನೊಂದಕ್ಕೆ ಹಾಲಿನ ಸಕ್ಕರೆಯನ್ನೇ ಬೆರೆಸಿರುತ್ತಾರೆ. ಹೀಗಿದ್ದೂ ಒಂದೇ ಒಂದು ಮಗ್ ಕುಡಿದು "ನಂಗೆ ಡಾರ್ಕ್ ಆಗಲ್ಲಪ್ಪ" ಎಂದು ಕೈಮುಗಿದವರು ನನ್ನ ಪರಿಚಯದಲ್ಲೇ ಬೇಕಾದಷ್ಟಿದ್ದಾರೆ. ಅವರಿಗೆ ಆಗದೆ ಹೋದದ್ದು ಹೆಚ್ಚಿನ ಸಲ ಹುರಿದ ಬಾರ್ಲಿಯ ಕಹಿ. ಆ ಕಹಿ ಇಲ್ಲದ ಕಪ್ಪು ಬಿಯರುಗಳೂ ಇವೆ.

ಆದ್ದರಿಂದ ಬಣ್ಣ ಬಿಟ್ಟು ನಾಲ್ಕು ವಿಷಯ ಕೇಳಿ. ಕಾಳನ್ನು ಎಷ್ಟು ಹುರಿದಿದ್ದಾರೆ, ಸಿಹಿ ಎಷ್ಟು ಉಳಿದಿದೆ, ಬಾಯಲ್ಲಿ ಎಷ್ಟು ಮಂದ, ಆಲ್ಕೋಹಾಲ್ ಎಷ್ಟು. ಗೆಳೆಯರು ಒಂದೇ ಬಿಯರ್ ಕುಡಿದು ಜಗಳ ಆಡುವಾಗಲೂ ಗಮನಿಸಿ: ಒಬ್ಬ ಹುರಿತದ ಬಗ್ಗೆ ಮಾತಾಡುತ್ತಿರುತ್ತಾನೆ, ಇನ್ನೊಬ್ಬಳು ಸಿಹಿಯ ಬಗ್ಗೆ. ಇಬ್ಬರೂ ಸರಿ, ಇಬ್ಬರಿಗೂ ಬೇಕಾದ ಬಾಟಲಿ ಬೇರೆ ಬೇರೆ.

ನಮ್ಮದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಸುತ್ತಮುತ್ತಲಿನ ಸಣ್ಣ ಕನ್ನಡ ಗುಂಪು. ಇಲ್ಲಿನ ದೊಡ್ಡ ಅಂಗಡಿಗಳಲ್ಲಿ ಬಿಡಿ ಬಾಟಲಿಗಳನ್ನು ಆರಿಸಿ ಆರರ ಡಬ್ಬಿ ಕಟ್ಟಿಕೊಳ್ಳಬಹುದು. ಹೋಲಿಸಿ ನೋಡಲು ಇದಕ್ಕಿಂತ ಅಗ್ಗದ ದಾರಿ ಇಲ್ಲ. ಮೇಜಿನ ಸುತ್ತ ಕೂತವರಲ್ಲಿ ಹಾಸನದ ಕಾಫಿ ತೋಟದ ಮನೆಯವನೊಬ್ಬ, ವಿಸ್ಕಿ ಬಿಟ್ಟು ಬೇರೇನನ್ನೂ ಗೌರವಿಸದ ದಾವಣಗೆರೆಯವನೊಬ್ಬ, ಕಹಿ ಎಂದರೆ ಮುಖ ತಿರುಗಿಸುವ ಮಂಗಳೂರಿನವಳೊಬ್ಬಳು, ತಣ್ಣಗಿನ, ತಿಳಿ ಬಣ್ಣದ ಲಾಗರ್ ಒಂದೇ ಬಿಯರ್ ಎಂದು ನಂಬಿದ ಹುಬ್ಬಳ್ಳಿಯವನೊಬ್ಬ. ಇವರ ಅಭಿಪ್ರಾಯಗಳನ್ನು ಅಲ್ಲಲ್ಲಿ ತರುತ್ತೇನೆ, ಏಕೆಂದರೆ ಓದುವ ನೀವೂ ಈ ನಾಲ್ವರಲ್ಲಿ ಒಬ್ಬರ ಪೈಕಿ ಇರುವ ಸಾಧ್ಯತೆ ಹೆಚ್ಚು.

ಕಪ್ಪು ಬರುವುದು ಎಲ್ಲಿಂದ

ಬಿಯರಿನ ಬಹುಪಾಲು ಧಾನ್ಯ ತಿಳಿ ಬಣ್ಣದ ಮಾಲ್ಟೇ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಕಪ್ಪು ಮಾಡಲು ತುಂಬ ಕರಿ ಕಾಳು ಬೇಕಿಲ್ಲ. ಗಿನ್ನೆಸ್‌ನಂಥ ಸ್ಟೌಟಿನಲ್ಲಿ ಹುರಿದ ಬಾರ್ಲಿ ನೂರಕ್ಕೆ ಹತ್ತರ ಆಸುಪಾಸು, ಅಷ್ಟೇ. ಲಂಡನ್ನಿನ ಹಳೆಯ ಪೋರ್ಟರುಗಳನ್ನು ಕಂದು ಮಾಲ್ಟಿನಿಂದ ಮಾಡುತ್ತಿದ್ದರು. ಹದಿನೆಂಟನೆಯ ಶತಮಾನದ ಕೊನೆಗೆ ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಬಳಕೆಗೆ ಬಂದು, ಕಂದು ಮಾಲ್ಟಿಗಿಂತ ತಿಳಿ ಮಾಲ್ಟಿನಿಂದ ಹೆಚ್ಚು ಸಕ್ಕರೆ ಸಿಗುತ್ತದೆ ಎಂದು ಲೆಕ್ಕ ಸಿಕ್ಕಿತು. ದುಡ್ಡಿನ ವಿಷಯ, ಎಲ್ಲರೂ ತಿಳಿ ಮಾಲ್ಟಿಗೆ ತಿರುಗಿದರು, ಬಣ್ಣ ಹೋಯಿತು. 1817ರಲ್ಲಿ ಡೇನಿಯಲ್ ವೀಲರ್ ಎಂಬಾತ ಉರುಳುವ ಪೀಪಾಯಿಯಲ್ಲಿ, ಬೆಂಕಿ ತಾಗದ ಹಾಗೆ, ಮಾಲ್ಟನ್ನು ಕಪ್ಪಗೆ ಹುರಿಯುವ ಯಂತ್ರಕ್ಕೆ ಪೇಟೆಂಟ್ ಪಡೆದ. ಕಾಫಿ ಬೀಜ ಹುರಿಯುವ ಡ್ರಮ್ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಇಂದಿನ ಸ್ಟೌಟ್ ಪೋರ್ಟರುಗಳ ರುಚಿ ಶುರುವಾಗುವುದು ಅಲ್ಲಿಂದ.

ಹುರಿದ ಕಾಫಿಯಲ್ಲೂ ಹುರಿದ ಬಾರ್ಲಿಯಲ್ಲೂ ಪೈರಜೀನ್ ಎಂಬ ಗುಂಪಿನ ಪರಿಮಳ ದ್ರವ್ಯಗಳು ಹುಟ್ಟುತ್ತವೆ. ಹಾಗಾಗಿ ಬಾಟಲಿಯಲ್ಲಿ ಒಂದು ಹನಿ ಕಾಫಿ ಇಲ್ಲದಿದ್ದರೂ ಮೂಗಿಗೆ ಕಾಫಿ ಬರುತ್ತದೆ. ನಮ್ಮ ಹಾಸನದವನಿಗೆ ಇದು ಒಪ್ಪಿಗೆಯಾಗಿಲ್ಲ. "ಹಾಕಿರ್ತಾರೆ, ಹೇಳಲ್ಲ ಅಷ್ಟೇ" ಎನ್ನುತ್ತಾನೆ.

ಬಣ್ಣ ನಾಲಿಗೆಯನ್ನು ಹೇಗೆ ಎಳೆಯುತ್ತದೆ ಎನ್ನುವುದಕ್ಕೆ ವೈನ್ ಲೋಕದಲ್ಲಿ ಒಂದು ಪ್ರಸಿದ್ಧ ಪ್ರಯೋಗವಿದೆ. ಬೋರ್ಡೊದ ಸಂಶೋಧಕರು 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಹಾಕಿ ಕೊಟ್ಟರು. ವೈನ್ ಓದುತ್ತಿದ್ದ ಆ ಮಂದಿ ಕೆಂಪು ವೈನಿಗೆ ಬಳಸುವ ಮಾತುಗಳಲ್ಲೇ ಅದನ್ನು ವರ್ಣಿಸಿದರು. ಆ ಪ್ರಬಂಧ ಪ್ರಕಟವಾದದ್ದು 2001ರಲ್ಲಿ. ಕಪ್ಪು ಬಿಯರಿನ ಮೇಜಿನಲ್ಲೂ ಇದೇ ನಡೆಯುತ್ತದೆ: ಕಪ್ಪು ಕಂಡ ಕೂಡಲೇ "ಸ್ಟ್ರಾಂಗ್", "ಹೆವಿ", "ಹೊಟ್ಟೆ ತುಂಬುತ್ತೆ". ತುಟಿಗೆ ತಾಗುವ ಮೊದಲೇ ತೀರ್ಪು.

ಡ್ರೈ ಸ್ಟೌಟ್: ಕಂಡಷ್ಟು ಗಟ್ಟಿಯಲ್ಲ

ಆ ತೀರ್ಪು ಮೊದಲು ಕುಸಿಯುವುದು ಗಿನ್ನೆಸ್‌ನಲ್ಲಿ. ಡ್ರಾಟ್ (ಟ್ಯಾಪಿನಿಂದ ಸುರಿಯುವ ಬಗೆಯ) ಗಿನ್ನೆಸ್‌ನ ಆಲ್ಕೋಹಾಲ್ ಶೇ. 4.2. ಭಾರತದ ನಿಯಮದಲ್ಲಿ ಶೇ. 5ಕ್ಕಿಂತ ಮೇಲೆ 8ರವರೆಗಿನದು ಸ್ಟ್ರಾಂಗ್ ಬಿಯರ್. ಆ ಲೆಕ್ಕದಲ್ಲಿ ಗಿನ್ನೆಸ್ ಮೈಲ್ಡ್. ಕ್ಯಾಲೊರಿಯೂ ಸಾಮಾನ್ಯ ಲಾಗರಿಗಿಂತ ಕಡಿಮೆಯೇ, 355 ಮಿಲಿಗೆ ಸುಮಾರು 125. ಹುಬ್ಬಳ್ಳಿಯವನು ಮೊದಲ ಗುಟುಕಿಗೇ ಹೇಳಿಬಿಟ್ಟ: "ಏನ್ಲೇ ಇದು, ನೋಡಾಕ ಡಾಂಬರ್, ಕುಡದ್ರ ನೀರ್." ಅವನು ಹೇಳಿದ್ದು ನಿಜ. ಮೇಲಿನ ನೊರೆ ಕೆನೆಯ ಹಾಗಿರುವುದರಿಂದ ಒಳಗೂ ಗಟ್ಟಿ ಎಂದು ತೋರುತ್ತದೆ. ನೊರೆ ದಾಟಿದ ಮೇಲೆ ಸಿಗುವುದು ತೆಳು, ಒಣ, ಕೊನೆಗೆ ಚುರುಕಾದ ಕಹಿ.

ಆ ನೊರೆಯ ಗುಟ್ಟು ಸಾರಜನಕ. ಸಾಮಾನ್ಯ ಬಿಯರಿನಲ್ಲಿರುವುದು ಇಂಗಾಲದ ಡೈಆಕ್ಸೈಡ್. ಡ್ರಾಟ್ ಸ್ಟೌಟಿಗೆ ಅದರೊಂದಿಗೆ ಸಾರಜನಕ ಸೇರಿಸಿ, ಸಣ್ಣ ತೂತುಗಳ ತಟ್ಟೆಯ ಮೂಲಕ ಒತ್ತಿ ಬಿಡುತ್ತಾರೆ. ಸಾರಜನಕ ದ್ರವದಲ್ಲಿ ಸುಲಭಕ್ಕೆ ಕರಗದು. ಗುಳ್ಳೆಗಳು ತೀರ ಸಣ್ಣವಾಗಿ, ಬೇಗ ಒಡೆಯದೆ ನಿಲ್ಲುತ್ತವೆ. 1959ರಲ್ಲಿ ಇದನ್ನು ಗಿನ್ನೆಸ್‌ನಲ್ಲಿ ಕುದುರಿಸಿದ ಮೈಕೇಲ್ ಆಶ್ ಓದಿನಿಂದ ಗಣಿತಜ್ಞ. ಹೊಸದಾಗಿ ಸುರಿದ ಗ್ಲಾಸನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ: ಗಾಜಿನ ಅಂಚಿನಲ್ಲಿ ಗುಳ್ಳೆಗಳು ಕೆಳಕ್ಕೆ ಇಳಿಯುತ್ತಿರುತ್ತವೆ, ನಡುವೆ ಕಾಣದ ಹಾಗೆ ಮೇಲೇಳುತ್ತಿರುತ್ತವೆ. ಕಂದು ಮೋಡ ಒಂದೆರಡು ನಿಮಿಷ ಕದಡಿ, ಬುಡದಿಂದ ಕಪ್ಪು ತಿಳಿಯಾಗುತ್ತಾ ಬರುತ್ತದೆ. ಆಮೇಲೆ ಗ್ಲಾಸನ್ನು ದೀಪಕ್ಕೆ ಹಿಡಿದು ಸ್ವಲ್ಪ ವಾಲಿಸಿದರೆ ತೆಳುವಾದ ಅಂಚಿನಲ್ಲಿ ಗಾಢ ಕೆಂಪು. ಕಪ್ಪು ಬಿಯರಿನ ಬಣ್ಣ ಕಪ್ಪೇ ಎಂದು ಪಂತ ಕಟ್ಟಿದ ದಾವಣಗೆರೆಯವನು ಇಲ್ಲಿ ಸೋತ. ಸುರಿಯಲು 119.5 ಸೆಕೆಂಡ್ ಬೇಕು ಎಂದು ಕಂಪನಿ ಹೇಳಿಕೊಂಡು ಬಂದಿದೆ. ಕಾಯುವುದು ಚಂದವೇ, ಆ ಅರ್ಧ ಸೆಕೆಂಡಿನ ಲೆಕ್ಕ ಮಾತ್ರ ಜಾಹೀರಾತಿನವರ ಕೈಚಳಕ.

ಕ್ಯಾನ್ ಕೊಳ್ಳುವವರು ಒಂದು ವಿಷಯ ನೋಡಿ. ಒಳಗೆ ವಿಜೆಟ್ ಎಂಬ ಪ್ಲಾಸ್ಟಿಕ್ ಗುಂಡು ಇರುವ ಡ್ರಾಟ್ ಕ್ಯಾನ್ ಬೇರೆ, ಬಾಟಲಿಯಲ್ಲಿ ಬರುವ ಫಾರಿನ್ ಎಕ್ಸ್‌ಟ್ರಾ ಸ್ಟೌಟ್ ಬೇರೆ. ಎರಡನೆಯದರಲ್ಲಿ ಸಾರಜನಕದ ಮೃದುತ್ವ ಇಲ್ಲ, ಶೇ. 7.5 ಆಲ್ಕೋಹಾಲ್, ಚುಚ್ಚುವ ಗ್ಯಾಸ್, ಇನ್ನೂ ಹೆಚ್ಚು ಕಹಿ. ಹೆಸರು ಒಂದೇ ಎಂದು ತಂದು ಅದರಲ್ಲಿ ಕೆನೆ ನೊರೆ ಹುಡುಕಬೇಡಿ. ನನಗೆ ಎರಡನೆಯದೇ ಹೆಚ್ಚು ಇಷ್ಟ.

ಸಸ್ಯಾಹಾರಿಗಳಿಗೆ ಒಂದು ಮಾತು. ಬಿಯರ್ ತಿಳಿಯಾಗಿಸಲು ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಬಳಸುವ ಪದ್ಧತಿ ಬ್ರಿಟನ್, ಐರ್ಲೆಂಡಿನಲ್ಲಿ ಹಳೆಯದು. ಗಿನ್ನೆಸ್ ಅದನ್ನು 2018ರ ಹೊತ್ತಿಗೆ ಪೂರ್ತಿ ಬಿಟ್ಟಿತು. ಇಂಗ್ಲೆಂಡಿನ ಪಬ್ಬುಗಳಲ್ಲಿ ಪೀಪಾಯಿಯಿಂದ ಪಂಪ್ ಮಾಡಿ ಕೊಡುವ ಏಲ್‌ಗಳಲ್ಲಿ ಇನ್ನೂ ಇರುವುದುಂಟು, ಕೇಳಿಕೊಳ್ಳಿ.

ಇದು ಯಾರಿಗೆ? ಹಾಲು ಸಕ್ಕರೆ ಇಲ್ಲದ ಕಾಫಿ ಕುಡಿಯುವವರಿಗೆ, ಸಂಜೆಯಿಡೀ ಮಾತಾಡುತ್ತಾ ಕೂರುವವರಿಗೆ. ಬೇಡ ಎನ್ನುವವರು ಯಾರು? ಮಂಗಳೂರಿನವಳು. "ಎಂತದು ಇದು, ಸುಟ್ಟ ವಾಸನೆ ಮಾರಾಯ್ರೆ" ಎಂದು ಗ್ಲಾಸನ್ನು ಈಚೆ ತಳ್ಳಿದಳು. ಹಾಸನದವನು ಅದೇ ಗ್ಲಾಸನ್ನು ಮೂಸಿ "ಡಿಕಾಕ್ಷನ್ ಇದು" ಎಂದ. ಒಂದೇ ಪೈರಜೀನು, ಎರಡು ಮೂಗು.

ಪೋರ್ಟರ್

ಪೋರ್ಟರಿಗೂ ಸ್ಟೌಟಿಗೂ ಏನು ವ್ಯತ್ಯಾಸ ಎಂದು ಇಬ್ಬರು ಬ್ರೂವರ್‌ಗಳನ್ನು ಕೇಳಿದರೆ ಎರಡು ಉತ್ತರ ಸಿಗುತ್ತದೆ. ಇತಿಹಾಸದಲ್ಲಿ ಗೆರೆ ಸ್ಪಷ್ಟ: ಗಟ್ಟಿ ಪೋರ್ಟರನ್ನು ಸ್ಟೌಟ್ ಪೋರ್ಟರ್ ಎನ್ನುತ್ತಿದ್ದರು, ಕ್ರಮೇಣ ಮೊದಲ ಪದ ಮಾತ್ರ ಉಳಿಯಿತು. ಇಂದು ಆ ಗೆರೆ ಅಳಿಸಿಹೋಗಿದೆ. ಅನೇಕ ಸ್ಟೌಟುಗಳು ಪೋರ್ಟರಿಗಿಂತ ತೆಳು. ಕೊಳ್ಳುವವರಿಗೆ ಉಪಯೋಗವಾಗುವ ಅಂದಾಜು ಇಷ್ಟು: ಸ್ಟೌಟಿನಲ್ಲಿ ಹುರಿದ ಬಾರ್ಲಿಯ ಒಣ ಕಹಿ ಮುಂದೆ ನಿಲ್ಲುತ್ತದೆ, ಇಂಗ್ಲಿಷ್ ಪೋರ್ಟರಿನಲ್ಲಿ ಕಂದು ಮಾಲ್ಟು, ಚಾಕೊಲೇಟ್ ಮಾಲ್ಟುಗಳ ಕೋಕೋ, ಬಿಸ್ಕತ್ತು, ಸ್ವಲ್ಪ ಕಾಕಂಬಿ. ಚಾಕೊಲೇಟ್ ಮಾಲ್ಟ್ ಎನ್ನುವುದು ಬಣ್ಣದ ಹೆಸರು, ಅದರಲ್ಲಿ ಚಾಕೊಲೇಟ್ ಇರುವುದಿಲ್ಲ.

ನಾವು ತೆರೆದದ್ದು ಫುಲ್ಲರ್ಸ್ ಲಂಡನ್ ಪೋರ್ಟರ್, ಶೇ. 5.4. ಚಿಸ್ವಿಕ್‌ನ ಈ ಬಿಯರಿಗೆ ಮೇಜಿನಲ್ಲಿ ವಿರೋಧವೇ ಬರಲಿಲ್ಲ. ಇದು ಹೊಗಳಿಕೆಯೂ ಹೌದು, ಸಣ್ಣ ದೂರೂ ಹೌದು. ದಾವಣಗೆರೆಯವನು "ಚೆನ್ನಾಗಿದೆ, ಮುಂದಿನದು ಕೊಡು" ಎಂದ. ಎಲ್ಲರೂ ಒಪ್ಪಿದ ಬಿಯರಿನ ಬಗ್ಗೆ ಮಾತು ಬೇಗ ಮುಗಿಯುತ್ತದೆ. ಮನೆಗೆ ಬರುವವರ ರುಚಿ ಗೊತ್ತಿಲ್ಲದಾಗ ಕಣ್ಣುಮುಚ್ಚಿ ತರಬಹುದಾದದ್ದು ಮಾತ್ರ ಇದೇ. ಅಮೆರಿಕದಲ್ಲಿರುವವರಿಗೆ ಒರೆಗಾನಿನ ಡೆಶೂಟ್ಸ್ ಬ್ಲ್ಯಾಕ್ ಬ್ಯೂಟ್ ಪೋರ್ಟರ್ ಇದೇ ಸ್ಥಾನ ತುಂಬುತ್ತದೆ. 1988ರಿಂದ ಮಾಡುತ್ತಿದ್ದಾರೆ, ಸ್ವಲ್ಪ ಹೆಚ್ಚು ಹುರಿತ, ಬಿಯರಿಗೆ ಕಹಿ, ಪರಿಮಳ ಕೊಡುವ ಹಾಪ್ಸ್ ಹೂವು ಕೂಡ ಒಂದು ಹಿಡಿ ಜಾಸ್ತಿ.

ಶ್ವಾರ್ಟ್ಸ್‌ಬಿಯರ್: ಲಾಗರ್ ಪ್ರಿಯರ ಹಿಂಬಾಗಿಲು

ಹುಬ್ಬಳ್ಳಿಯವನಿಗೆ ಇಷ್ಟವಾದದ್ದು ಇದು, ಅದೂ ಕಣ್ಣುಮುಚ್ಚಿಸಿ ಕೊಟ್ಟಾಗ. "ಇದ ನೋಡು ಬಿಯರ್ ಅಂದ್ರ" ಎಂದವನು ಕಣ್ಣು ತೆರೆದು ಗ್ಲಾಸ್ ನೋಡಿ ಸುಮ್ಮನಾದ. ಜರ್ಮನಿಯ ತ್ಯೂರಿಂಗಿಯಾದ ಬಾಟ್ ಕ್ಯೋಸ್ಟ್ರಿಟ್ಸ್ ಊರಿನ ಕ್ಯೋಸ್ಟ್ರಿಟ್ಸರ್ ಎಂಬ ಕಪ್ಪು ಲಾಗರ್ ಅದು. ಬ್ರೂವರಿ ತನ್ನ ಹುಟ್ಟನ್ನು 1543ಕ್ಕೆ ಒಯ್ಯುತ್ತದೆ. ಕವಿ ಗಯಟೆಗೂ ಈ ಬಿಯರಿಗೂ ನಂಟು ಹೇಳುತ್ತಾರೆ. ಜರ್ಮನಿ ಎರಡಾಗಿದ್ದಾಗ ಇದು ಪೂರ್ವ ಭಾಗದಲ್ಲಿ ಉಳಿದಿತ್ತು. ಗೋಡೆ ಬಿದ್ದ ಮೇಲೆ, 1991ರಲ್ಲಿ, ಪಶ್ಚಿಮದ ಬಿಟ್‌ಬುರ್ಗರ್ ಅದನ್ನು ಕೊಂಡು ದೇಶದ ಮೂಲೆಮೂಲೆಗೂ ಮುಟ್ಟಿಸಿತು.

ಶೇ. 4.8 ಆಲ್ಕೋಹಾಲ್. ಇದಕ್ಕೆ ಲಾಗರ್ ಯೀಸ್ಟ್, ತಣ್ಣಗೆ ನಿಧಾನವಾಗಿ ಹುದುಗುತ್ತದೆ. ಹಣ್ಣಿನ ವಾಸನೆ ಹುಟ್ಟುವುದಿಲ್ಲ, ಬಾಯಿ ತೊಳೆದ ಹಾಗೆ ಮುಗಿಯುತ್ತದೆ. ಹುರಿದ ರಾಗಿಯಷ್ಟು ಸೌಮ್ಯ ಪರಿಮಳ ಹಿಂದೆ ಎಲ್ಲೋ ಇರುತ್ತದೆ. ಕಪ್ಪಿದ್ದೂ ಕಹಿ ಇಲ್ಲದಿರಲು ಒಂದು ಉಪಾಯವೂ ಉಂಟು. ಒಗರು ಕಹಿಯಲ್ಲಿ ಹೆಚ್ಚಿನ ಪಾಲು ಕಾಳಿನ ಸಿಪ್ಪೆಯದು. ಬಾಂಬರ್ಗ್‌ನ ವೇಯರ್‌ಮನ್ ಕಂಪನಿ ಸಿಪ್ಪೆ ತೆಗೆದು ಹುರಿದ ಮಾಲ್ಟನ್ನೇ ಮಾರುತ್ತದೆ, ಇಂಥ ಬಿಯರುಗಳಿಗೆ ಬ್ರೂವರ್‌ಗಳು ಅದನ್ನು ಹುಡುಕಿಕೊಂಡು ಹೋಗುತ್ತಾರೆ. "ಡಾರ್ಕ್ ಆಗಲ್ಲ" ಎಂದವರ ಕೈಗೆ ನಾನು ಮೊದಲು ಕೊಡುವುದು ಇದನ್ನೇ. ಇನ್ನೂ ಸ್ವಲ್ಪ ರೊಟ್ಟಿಯ ಸಿಹಿ ಬೇಕಾದವರಿಗೆ ಮ್ಯೂನಿಕ್ ಕಡೆಯ ಡುಂಕೆಲ್ ಇದೆ. ಅದು ಕಪ್ಪಿಗಿಂತ ಕಂದು. ಆಯಿಂಗರ್ ಬ್ರೂವರಿಯದು ಸಿಕ್ಕರೆ ಬಿಡಬೇಡಿ.

ಮಿಲ್ಕ್ ಸ್ಟೌಟ್

ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಬಿಯರ್ ಯೀಸ್ಟ್ ತಿನ್ನಲಾರದು. ಕುದಿಯುವಾಗ ಹಾಕಿದ್ದು ಕೊನೆಯವರೆಗೂ ಸಿಹಿಯಾಗಿ, ಮಂದವಾಗಿ ಉಳಿದುಬಿಡುತ್ತದೆ. ಇಂಗ್ಲೆಂಡಿನ ಮ್ಯಾಕೆಸನ್ 1907ರಲ್ಲಿ ಇದನ್ನು ಮಾರುಕಟ್ಟೆಗೆ ತಂದಾಗ ಪುಷ್ಟಿಕರ ಎಂದು ಹೊಗಳಿಕೊಂಡಿತ್ತು. ಅದನ್ನು ನಂಬಬೇಡಿ. ಕೊಲರಾಡೊದ ಲೆಫ್ಟ್ ಹ್ಯಾಂಡ್ ಮಿಲ್ಕ್ ಸ್ಟೌಟ್ (ಶೇ. 6) ಇಂದಿನ ಒಳ್ಳೆಯ ಮಾದರಿ. ಅದರ ನೈಟ್ರೊ (ಸಾರಜನಕ ತುಂಬಿದ) ಬಾಟಲಿಯನ್ನು ಗ್ಲಾಸಿಗೆ ಓರೆಯಾಗಿ ಹುಷಾರಾಗಿ ಬಿಟ್ಟರೆ ಸಪ್ಪೆಯಾಗಿ ಕೂರುತ್ತದೆ. ಬಾಟಲಿ ತಲೆಕೆಳಗು ಮಾಡಿ ರಭಸದಿಂದ ಸುರಿಯಬೇಕು, ಆಗ ನೊರೆ ಕಟ್ಟುತ್ತದೆ.

ಮಂಗಳೂರಿನವಳ ಮತ ಇದಕ್ಕೆ. ದಾವಣಗೆರೆಯವನ ಮತ: "ಬೋರ್ನ್‌ವಿಟಾ." ನನ್ನ ಮತ ಕೇಳಿದರೆ, ಮೊದಲ ಅರ್ಧ ಗ್ಲಾಸ್ ಅಮೃತ, ಎರಡನೆಯ ಅರ್ಧ ಹೊರೆ. ಇಬ್ಬರ ನಡುವೆ ಒಂದು ತರಿಸಿ. ಹಾಲು ಜೀರ್ಣವಾಗದವರು ದೂರ ಇರಿ, ಲ್ಯಾಕ್ಟೋಸ್ ಅಷ್ಟೂ ಹಾಗೆಯೇ ಇರುತ್ತದೆ. ಅವರಿಗೆ ಓಟ್ಮೀಲ್ ಸ್ಟೌಟ್ ಮದ್ದು: ಓಟ್ಸ್ ಸಿಹಿ ಹೆಚ್ಚಿಸದೆ ನುಣುಪು ಕೊಡುತ್ತದೆ, ಯಾರ್ಕ್‌ಷೈರ್‌ನ ಸ್ಯಾಮ್ಯುಯೆಲ್ ಸ್ಮಿತ್ ಮಾಡುವುದು ಹೆಸರುವಾಸಿ.

ಇಂಪೀರಿಯಲ್ ಸ್ಟೌಟ್: ವಿಸ್ಕಿಯವರ ಜಾಗ

ಹದಿನೆಂಟನೆಯ ಶತಮಾನದಲ್ಲಿ ಲಂಡನ್ನಿನ ಸದರ್ಕ್‌ನ ಥ್ರೇಲ್ ಬ್ರೂವರಿಯಿಂದ ರಷ್ಯಾದ ಆಸ್ಥಾನಕ್ಕೆ ಹೋಗುತ್ತಿದ್ದ ಗಟ್ಟಿ ಪೋರ್ಟರ್ ಈ ಬಗೆಯ ಪೂರ್ವಜ. ಬ್ರೂವರಿ 1781ರಲ್ಲಿ ಬಾರ್ಕ್ಲೇ, ಪರ್ಕಿನ್ಸ್ ಅವರ ಕೈ ಸೇರಿದ ಮೇಲೂ ರಫ್ತು ನಡೆಯಿತು. ಇಂದು ಶೇ. 8ರಿಂದ 12ರವರೆಗಿನ ಕರಿ, ಎಣ್ಣೆಯಂತೆ ನಿಧಾನಕ್ಕೆ ಸುರಿಯುವ ಬಿಯರಿಗೆ ಈ ಹೆಸರು. ನಾವು ತೆರೆದದ್ದು ಕ್ಯಾಲಿಫೋರ್ನಿಯಾದ್ದೇ ಆದ ನಾರ್ತ್ ಕೋಸ್ಟ್ ಬ್ರೂಯಿಂಗಿನ ಓಲ್ಡ್ ರಾಸ್ಪುಟಿನ್, ಶೇ. 9.

ಲೆಕ್ಕ ಒಂದು ಮಾಡಿ. 568 ಮಿಲಿಯ ಒಂದು ಪೈಂಟ್ ಗಿನ್ನೆಸ್‌ನಲ್ಲಿ ಶುದ್ಧ ಆಲ್ಕೋಹಾಲ್ ಸುಮಾರು 24 ಮಿಲಿ. ರಾಸ್ಪುಟಿನ್‌ನ 355 ಮಿಲಿ ಬಾಟಲಿಯಲ್ಲಿ 32 ಮಿಲಿ. ಸಣ್ಣ ಬಾಟಲಿಯೇ ದೊಡ್ಡದು. ಇದನ್ನು ಬಾಯಾರಿಕೆಗೆ ಕುಡಿಯುವವರಿಗೆ ಮಾರನೆಯ ಬೆಳಗ್ಗೆ ಪಾಠವಾಗುತ್ತದೆ. ಕಾರು ತಂದವರು ಇದರ ಹತ್ತಿರ ಬರಬಾರದು.

ಫ್ರಿಜ್ಜಿನಿಂದ ತೆಗೆದ ಕೂಡಲೇ ಇದು ಕಹಿ ಮತ್ತು ಕಾರ್ಬನ್, ಬೇರೇನೂ ಇಲ್ಲ. ನಾಲ್ಕು ಡಿಗ್ರಿಯಲ್ಲಿ ಪರಿಮಳ ಮೇಲೇಳುವುದಿಲ್ಲ, ಸಿಹಿ ಮುದುಡಿಕೊಳ್ಳುತ್ತದೆ, ಒಗರು ಮಾತ್ರ ಎದ್ದು ಕಾಣುತ್ತದೆ. ಗ್ಲಾಸನ್ನು ಅಂಗೈಯಲ್ಲಿ ಹಿಡಿದು ಕಾಯಿಸಿಕೊಂಡೆವು. ಹತ್ತು ಡಿಗ್ರಿ ದಾಟಿದ ಹಾಗೆ ಒಣದ್ರಾಕ್ಷಿ ಬಂತು, ಆಮೇಲೆ ಜೋನಿಬೆಲ್ಲ, ಆಮೇಲೆ ಕಡು ಚಾಕೊಲೇಟು. ಹದಿಮೂರರ ಸುಮಾರಿಗೆ ಗಂಟಲಲ್ಲಿ ಹಿತವಾದ ಬಿಸಿ. ಇಷ್ಟು ಹೊತ್ತು ಎದೆಯ ಮೇಲೆ ಕೈಕಟ್ಟಿ ಕೂತಿದ್ದ ದಾವಣಗೆರೆಯವನು ಗ್ಲಾಸನ್ನು ಮೇಜಿನ ಮೇಲಿಡದೆ ಹಿಡಿದುಕೊಂಡೇ ಇದ್ದ. ಹಾಸನದವನಿಗೆ ಇದು ಕಾಫಿಯ ಅಪಮಾನ. ಹುಬ್ಬಳ್ಳಿಯವನು ತನ್ನ ಪಾಲನ್ನು ಸದ್ದಿಲ್ಲದೆ ನನ್ನ ಗ್ಲಾಸಿಗೆ ಸುರಿದ.

ಬರ್ಬನ್ ಎಂಬ ಅಮೆರಿಕದ ವಿಸ್ಕಿಯ ಪೀಪಾಯಿಯಲ್ಲಿ ಹಳೆಯದಾಗಿಸಿದ ಇಂಪೀರಿಯಲ್‌ಗಳೂ ಇವೆ. 1990ರ ದಶಕದಲ್ಲಿ ಷಿಕಾಗೋದ ಗೂಸ್ ಐಲ್ಯಾಂಡ್ ಹಾದಿ ತೋರಿಸಿದ ಮೇಲೆ ಇದೊಂದು ದೊಡ್ಡ ವ್ಯಾಪಾರವೇ ಆಗಿದೆ. ವೆನಿಲಾ, ತೆಂಗು, ಸುಟ್ಟ ಮರ. ಬೆಲೆ ನೋಡಿದರೆ ಆ ದುಡ್ಡಿಗೆ ನಿಜವಾದ ಬರ್ಬನ್ನೇ ಸಿಗುತ್ತದಲ್ಲ ಅನಿಸುತ್ತದೆ. ತೀರ ಸಿಹಿ ಬೇಡ, ಗಟ್ಟಿ ಬೇಕು ಎನ್ನುವವರು ಬಾಲ್ಟಿಕ್ ಪೋರ್ಟರ್ ಹುಡುಕಿ. ಅದಕ್ಕೆ ಹೆಚ್ಚಾಗಿ ಲಾಗರ್ ಯೀಸ್ಟ್, ಹಾಗಾಗಿ ಗಟ್ಟಿಯಿದ್ದೂ ನಯ. ಪೋಲೆಂಡಿನ ಝಿವಿಯೆತ್ಸ್ ಪೋರ್ಟರ್ ಶೇ. 9.5.

ಗೆಳೆಯರ ಜೊತೆ ಹೋಲಿಸುವಾಗ

ಕ್ರಮ ಮುಖ್ಯ. ಮಿಲ್ಕ್ ಸ್ಟೌಟ್ ಕುಡಿದ ಬಾಯಿಗೆ ಡ್ರೈ ಸ್ಟೌಟ್ ಬೂದಿ ಕಲಸಿದ ನೀರು. ಶ್ವಾರ್ಟ್ಸ್‌ಬಿಯರ್, ಡ್ರೈ ಸ್ಟೌಟ್, ಪೋರ್ಟರ್, ಮಿಲ್ಕ್, ಕೊನೆಗೆ ಇಂಪೀರಿಯಲ್. ತಲಾ 100 ಮಿಲಿ ಸಾಕು. ಮಧ್ಯೆ ನೀರು, ಖಾಲಿ ಬ್ರೆಡ್ಡು. ಖಾರದ ಮಿಕ್ಸ್ಚರ್ ಬಟ್ಟಲನ್ನು ಆಮೇಲೆ ತನ್ನಿ: ಆಲ್ಕೋಹಾಲ್ ಖಾರದ ಉರಿಯನ್ನು ಹೆಚ್ಚಿಸುತ್ತದೆ, ಎಣ್ಣೆ ಮೆತ್ತಿದ ತುಟಿ ನೊರೆಯನ್ನು ಕೊಲ್ಲುತ್ತದೆ. ಸೋಪು ಸರಿಯಾಗಿ ಹೋಗದ ಗ್ಲಾಸೂ ಅಷ್ಟೇ. ನೊರೆ ಎರಡು ನಿಮಿಷವೂ ನಿಲ್ಲದಿದ್ದರೆ ಬ್ರೂವರನ್ನು ಬಯ್ಯುವ ಮೊದಲು ಗ್ಲಾಸ್ ತೊಳೆದು ಮತ್ತೆ ನೋಡಿ.

ಇನ್ನೊಂದು, ಮಾತಾಡುವ ಮುನ್ನ ಬರೆಯಿರಿ. ಯಾರೋ ಒಬ್ಬ "ಕಾಫಿ" ಎಂದ ಮೇಲೆ ಉಳಿದವರ ಮೂಗಿಗೆ ಕಾಫಿಯೇ. ಸ್ಪರ್ಧೆಗಳಲ್ಲಿ ತೀರ್ಪುಗಾರರು ಬಳಸುವ ಬಿಜೆಸಿಪಿ (ಬಿಯರ್ ಜಡ್ಜ್ ಸರ್ಟಿಫಿಕೇಶನ್ ಪ್ರೋಗ್ರಾಂ) ಹಾಳೆಯಲ್ಲಿ ಒಟ್ಟು 50 ಅಂಕ: ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಯ ಅನುಭವಕ್ಕೆ 5, ಒಟ್ಟಾರೆಗೆ 10. ಬಣ್ಣ, ನೊರೆ, ತಿಳಿತನ ಎಲ್ಲ ಸೇರಿ ಸಿಗುವುದು ಬರೀ ಮೂರು ನೋಡಿ. ಮನೆಯಲ್ಲಿ ಅಷ್ಟೆಲ್ಲ ಬೇಡ. ಮೊದಲು ಹೇಳಿದ ನಾಲ್ಕು ವಿಷಯಕ್ಕೆ ಐದರಲ್ಲಿ ಒಂದಂಕೆ ಬರೆದರೆ ಸಾಕು, ಯಾರಿಗೆ ಏನು ಬೇಕು ಎನ್ನುವುದು ಚೀಟಿಯಲ್ಲೇ ಗೊತ್ತಾಗುತ್ತದೆ.

"ನನಗೆ ಕಣ್ಣುಮುಚ್ಚಿ ಗಿನ್ನೆಸ್ ಹಿಡಿಯಲು ಬರುತ್ತೆ" ಎನ್ನುವವರಿಗೆ ತ್ರಿಕೋನ ಪರೀಕ್ಷೆ ಇಡಿ. ಮೂರು ಗ್ಲಾಸ್, ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆ, ಬೇರೆಯದನ್ನು ಹಿಡಿಯಬೇಕು. ಊಹೆಯಿಂದಲೇ ಸರಿಯಾಗುವ ಸಾಧ್ಯತೆ ಮೂರರಲ್ಲಿ ಒಂದು, ಆದ್ದರಿಂದ ಒಂದು ಸಲ ಗೆದ್ದವನು ಗೆದ್ದ ಹಾಗಲ್ಲ. ಬರೀ ಊಹೆಯಿಂದ ನಾಲ್ಕು ಸಲ ಸತತ ಸರಿಯಾಗುವ ಸಾಧ್ಯತೆ 81ರಲ್ಲಿ ಒಂದು, ಅಷ್ಟು ಸಲ ಸರಿ ಹೇಳಿದರೆ ಒಪ್ಪಿಕೊಳ್ಳಿ. ಇಷ್ಟು ಕಡಿಮೆ ಸಂಖ್ಯೆಗಳಿಂದ ಎಷ್ಟನ್ನು ನಂಬಬಹುದು ಎಂಬ ಪ್ರಶ್ನೆಗೆ ಉತ್ತರ ಹುಡುಕಿದವರೂ ಗಿನ್ನೆಸ್‌ನ ನೌಕರರೇ: ವಿಲಿಯಂ ಸೀಲಿ ಗಾಸೆಟ್, 1908ರಲ್ಲಿ "ಸ್ಟೂಡೆಂಟ್" ಎಂಬ ಗುಪ್ತನಾಮದಲ್ಲಿ. ಕಾಲೇಜಿನ ಸಂಖ್ಯಾಶಾಸ್ತ್ರದಲ್ಲಿ ಅವರ ಟಿ-ಟೆಸ್ಟ್ ಬಿಡಿಸಿ ಬೇಸತ್ತವರು ಅದರ ಮೂಲ ಸ್ಟೌಟಿನ ಬ್ರೂವರಿ ಎಂದು ತಿಳಿದರೆ ಸ್ವಲ್ಪ ಕ್ಷಮಿಸಿಯಾರು.

ಶೈಲಿ ಇಷ್ಟವಾಗದಿರುವುದು ಬೇರೆ, ಬಿಯರ್ ಕೆಟ್ಟಿರುವುದು ಬೇರೆ. ಒದ್ದೆ ರಟ್ಟಿನ ವಾಸನೆ ಬಂದರೆ ಹಳೆಯದು. ಹಳೇ ಬೆಣ್ಣೆ ಎನಿಸಿದರೆ ಹುದುಗುವಿಕೆಯಲ್ಲಿ ಅವಸರ ಮಾಡಿದ್ದಾರೆ ಅಥವಾ ಟ್ಯಾಪಿನ ಕೊಳವೆ ಕೊಳಕು. ಸೋಯಾ ಸಾಸ್ ನೆನಪಾದರೆ ಇಂಪೀರಿಯಲ್ ತುಂಬ ಕಾಲ ಕೂತಿದೆ. ಶೇ. 5ರ ಆಸುಪಾಸಿನವು ಕೆಲವೇ ತಿಂಗಳ ಬಾಳಿಕೆಯವು. ತುಂಬಿದ ದಿನಾಂಕ ನೋಡದೆ ಕೊಳ್ಳಬೇಡಿ. ವರ್ಷಗಟ್ಟಲೆ ಇಡಬಹುದಾದದ್ದು ಗಟ್ಟಿಯವನ್ನು ಮಾತ್ರ, ಅದೂ ತಂಪು ಕತ್ತಲಲ್ಲಿ.

ಬೆಂಗಳೂರಿನಲ್ಲಾದರೆ

ಊರಿಗೆ ಬರುವವರು ಸುಂಕವಿಲ್ಲದೆ ತರಬಹುದಾದದ್ದು ಎಲ್ಲ ಮದ್ಯ ಸೇರಿ 2 ಲೀಟರ್. ಅದನ್ನು ಬಿಯರಿಗೆ ಖರ್ಚು ಮಾಡುವ ಗೆಳೆಯ ಸಿಕ್ಕರೆ ಪುಣ್ಯವಂತರು; ದಾವಣಗೆರೆಯವನನ್ನು ಕೇಳಿ ಪ್ರಯೋಜನವಿಲ್ಲ. ಆದರೆ ಬೆಂಗಳೂರಿಗೆ ಕಪ್ಪು ಬಿಯರ್ ಹೊತ್ತು ತರುವ ಅಗತ್ಯವೂ ಈಗಿಲ್ಲ. ಇಂದಿರಾನಗರದ ಟಾಯ್ಟ್ ಮೈಕ್ರೊಬ್ರೂವರಿಯ ಡಾರ್ಕ್ ನೈಟ್‌ಗೆ ತನ್ನದೇ ಭಕ್ತರಿದ್ದಾರೆ. ಬಾಟಲಿ ಬೇಕೆಂದರೆ ಛತ್ತೀಸಗಢದ ದುರ್ಗ್‌ನಿಂದ ಬರುವ ಸಿಂಬಾ ಸ್ಟೌಟ್ ಇದೆ.

ಮೈಕ್ರೊಬ್ರೂವರಿಗಳಲ್ಲಿ ಸಾಮಾನ್ಯವಾಗಿ ಒಂದೋ ಎರಡೋ ಟ್ಯಾಪ್ ಮಾತ್ರ ಕಪ್ಪು. ಪಟ್ಟಿಯಲ್ಲಿ ಬರೀ "ಸ್ಟೌಟ್" ಎಂದಿದ್ದರೆ ಸುಮ್ಮನೆ ಒಪ್ಪಬೇಡಿ. ಲ್ಯಾಕ್ಟೋಸ್ ಇದೆಯಾ, ಶೇಕಡಾ ಎಷ್ಟು, ನೈಟ್ರೊನಾ, ಈ ಬ್ಯಾಚ್ ಯಾವಾಗ ಟ್ಯಾಪಿಗೆ ಬಂತು ಎಂದು ಕೇಳಿ. ಬಡಿಸುವ ಹುಡುಗನಿಗೆ ಗೊತ್ತಿಲ್ಲದಿದ್ದರೆ ಬ್ರೂವರನ್ನೇ ಕರೆಯುತ್ತಾನೆ, ಬ್ರೂವರ್‌ಗೂ ಇಂಥ ಗಿರಾಕಿ ಸಿಕ್ಕರೆ ಖುಷಿ. ಕಾಫಿ ಸ್ಟೌಟ್ ಇದ್ದರೆ ಯಾವ ತೋಟದ ಬೀಜ, ಹುದುಗಿದ ಮೇಲೆ ಹಾಕಿದರಾ, ಕುದಿಯುವಾಗಲಾ ಎಂದೂ ಕೇಳಿ. ಕುದಿಸಿದ ಕಾಫಿ ಒಗರಾಗುತ್ತದೆ. ಕೊನೆಯಲ್ಲಿ ತಣ್ಣಗೆ ಇಳಿಸಿದ ಡಿಕಾಕ್ಷನ್ ಸೇರಿಸಿದ್ದರೆ ಚಿಕ್ಕಮಗಳೂರಿನ ಬೀಜದ ಪರಿಮಳ ಹಾಗೆಯೇ ಉಳಿಯುತ್ತದೆ. ಮಗ್ ತರಿಸುವ ಮೊದಲು ರುಚಿಗೆ ಸಣ್ಣ ಗ್ಲಾಸ್ ಕೇಳಿದರೆ ಸಾಮಾನ್ಯವಾಗಿ ಕೊಡುತ್ತಾರೆ. ಸಂಕೋಚ ಬೇಡ.

ಜೊತೆಗೆ ಏನು ತಿನ್ನಬೇಕು ಎನ್ನುವುದರಲ್ಲಿ ನಮ್ಮ ಮೇಜು ಒಮ್ಮತಕ್ಕೆ ಬಂದದ್ದು ಎರಡು ಕಡೆ. ಶ್ವಾರ್ಟ್ಸ್‌ಬಿಯರಿಗೆ ಕಾಂಗ್ರೆಸ್ ಕಡಲೆಕಾಯಿ. ಪೋರ್ಟರಿಗೆ ಕಾಚಂಪುಳಿಯ ಹುಳಿ ಸರಿಯಾಗಿ ಬಿದ್ದ ಪಂದಿ ಕರಿ, ಖಾರ ಒಂದು ಹಿಡಿ ಕಡಿಮೆ ಇದ್ದರೆ. ಇಂಪೀರಿಯಲ್ ಜೊತೆ ಮೈಸೂರು ಪಾಕ್ ಇಡಬೇಕು ಎಂದು ನಾನು, ಹುರಿದ ಗೋಡಂಬಿ ಸಾಕು ಎಂದು ದಾವಣಗೆರೆಯವನು. ಮಂಗಳೂರಿನವಳು ಮಿಲ್ಕ್ ಸ್ಟೌಟಿನಲ್ಲಿ ವೆನಿಲಾ ಐಸ್‌ಕ್ರೀಮ್ ಒಂದು ಚಮಚ ತೇಲಿಸಿದಳು. ಹಾಸನದವನು ಅದನ್ನು ನೋಡಲಾರದೆ ಅಡುಗೆಮನೆಗೆ ಹೋಗಿ ಫಿಲ್ಟರಿಗೆ ಪುಡಿ ಹಾಕಿದ.